ಒಲ್ಲೆ ಎಂದ ಜ್ಞಾನತಂದೆ

"ನಿಲ್ರೀ! ಏನ್ ಮಾಡ್ತಿದ್ದೀರಾ ನೀವು? ಅದನ್ನ ಯಾಕೆ ಕೀಳ್ತಿದ್ದೀರಾ?"

ಪಾರ್ಥೆನಾ ತಿರುಗಿಯೂ ನೋಡಲಿಲ್ಲ. ಗೂಟವನ್ನು ಎರಡೂ ಕೈಯಿಂದ ಹಿಡಿದು, ಅತ್ತ ಇತ್ತ ಅಲ್ಲಾಡಿಸಿ, ಹಲ್ಲು ಕಚ್ಚಿ ಎಳೆದಳು. ಕೆಂಪು ಪಟ್ಟಿ ಕಟ್ಟಿದ ಆ ಗೂಟ ಬೂದಿ ಬಣ್ಣದ ಮಣ್ಣಿನಿಂದ ಕಿತ್ತುಬಂತು. ಹನ್ನೊಂದನೆಯದು!

"ಬೆಳಗ್ಗೆಯಿಂದ ಸೊಂಟ ಮುರ್ಕೊಂಡು ನೆಟ್ಟಿದ್ದೀನಿ ಕಣ್ರೀ ಅವನ್ನ! ಒಂದೊಂದಕ್ಕೂ ಅಳತೆ ಇದೆ!"

"ನಮಗೂ ಅಳತೆ ಇದೆ," ಎಂದಳು ಆಕೆ, ಏದುಸಿರು ಬಿಡುತ್ತಾ. "ಇದು ನಮ್ಮ ಚರ್ಚು ಇದ್ದ ಜಾಗ. ನಾಳೆ ನಮ್ಮೂರಿನ ಸಂತರ ಹಬ್ಬ. ನಿಮ್ಮ ಗೂಟಗಳ ನಡುವೆ ಮೊಣಕಾಲೂರಿ ಪ್ರಾರ್ಥನೆ ಮಾಡ್ಬೇಕಾ ನಾವು?"

ಕೂಗುತ್ತಾ ಬಂದ ಯುವಕ ಟೋಪಿ ತೆಗೆದು ಸುತ್ತ ನೋಡಿದ. ಕಣ್ಣು ಹಾಯುವಷ್ಟು ದೂರ ಬಟ್ಟಬಯಲು. ಮರವಿಲ್ಲ, ಗೋಡೆಯಿಲ್ಲ, ಒಂದು ಕಲ್ಲೂ ಇಲ್ಲ.

"ಯಾವ ಚರ್ಚು? ಯಾವ ಊರು?"

ಪಾರ್ಥೆನಾಳ ಕಣ್ಣು ತುಂಬಿತು. ಯಾವ ಊರು... ಇದನ್ನು ಹೇಗೆ ಹೇಳುವುದು ಇವನಿಗೆ?

ಇಲ್ಲಿ ಲೆಫ್ಕಾದಿ ಎಂಬ ಊರಿತ್ತು. ಊರಿನ ಕೆಳಗೆ ಕಂದು ಕಲ್ಲಿದ್ದಲು ಇತ್ತು. ಇಡೀ ಗ್ರೀಸ್ ದೇಶದ ದೀಪ ಉರಿಯಬೇಕಲ್ಲ, ಹಾಗಾಗಿ ಇಪ್ಪತ್ತೆರಡು ವರ್ಷದ ಹಿಂದೆ ಊರನ್ನು ಎಬ್ಬಿಸಿ ಕೊಜಾನಿ ಪಟ್ಟಣದ ಅಂಚಿಗೆ ಕಳಿಸಿದರು. ಗೋರಿಗಳನ್ನೂ ಬಿಡಲಿಲ್ಲ. ಆಮೇಲೆ ಪಾತಾಳದಷ್ಟು ಆಳಕ್ಕೆ ಅಗೆದು ಇದ್ದಲು ತೆಗೆದು, ಬೂದಿ ಮಣ್ಣು ತುಂಬಿ ಮುಚ್ಚಿದರು. ಈಗ ಇದ್ದಲು ಬೇಡವಂತೆ. ಅದೇ ಮಣ್ಣಿನ ಮೇಲೆ ಬಿಸಿಲಿನಿಂದ ಕರೆಂಟು ತೆಗೆಯುವ ಫಲಕಗಳನ್ನು ಹಾಸುತ್ತಾರಂತೆ.

"ಅಲ್ನೋಡಿ, ನಮ್ಮ ಮಾವ," ಎಂದಳು.

ಸ್ವಲ್ಪ ದೂರದಲ್ಲಿ ಮುದುಕ ಇಯೋರ್ಡಾನಿಸ್ ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಹಿಡಿದು ನಿಂತಿದ್ದ. ವಿದ್ಯುತ್ ಸ್ಥಾವರದ ಮೂರನೆಯ ಗೋಪುರವೂ ವೆರ್ಮಿಯೊ ಬೆಟ್ಟದ ಕಣಿವೆಯೂ ಒಂದೇ ಗೆರೆಗೆ ಬಂದರೆ ಅಲ್ಲೇ ಚರ್ಚಿನ ಪೀಠ. ಇಷ್ಟು ವರ್ಷ ಅವನು ಹೆಬ್ಬೆರಳಿನಿಂದಲೇ ಊರನ್ನು ಹುಡುಕಿಕೊಟ್ಟಿದ್ದ. ಅಗೆಯುವ ಯಂತ್ರವನ್ನು ಓಡಿಸಿ ಆ ಊರನ್ನು ಕೆಡವಿದವನೂ ಅವನೇ. ಕೆಲಸವಲ್ಲವೆ, ಯಾರೋ ಒಬ್ಬರು ಮಾಡಲೇಬೇಕಿತ್ತು...

ಯುವಕ ಚೀಲದ ತಳದಿಂದ, ಅಗೆಯುವ ಮುಂಚಿನ ಕಾಲದ ಒಂದು ಹಳೆಯ ನಕ್ಷೆ ತೆಗೆದ. ಕೈಯಲ್ಲಿದ್ದ ಅಳತೆಯ ಯಂತ್ರವನ್ನು ನೋಡಿದ. ಮತ್ತೆ ನಕ್ಷೆ ನೋಡಿದ. ಗಂಟಲು ಸರಿಮಾಡಿಕೊಂಡ.

"ತಾತಾ... ಹೇಳ್ಬಾರ್ದು, ಆದ್ರೂ ಹೇಳ್ತೀನಿ. ನೀವು ನಿಂತಿರೋ ಜಾಗ ಚರ್ಚಲ್ಲ. ಚರ್ಚು ಅಲ್ಲಿ, ಪೂರ್ವಕ್ಕೆ ನಲವತ್ತು ಹೆಜ್ಜೆ."

"ಏನಂದೆ?" ಮುದುಕ ಗುಡುಗಿದ. "ನಾನು ದೀಕ್ಷಾಸ್ನಾನ ತಗೊಂಡ ಚರ್ಚು ಕಣೋ ಅದು! ನಿನಗೆ ಗೊತ್ತಾ, ನನಗೆ ಗೊತ್ತಾ? ನಾನು ನಿಂತಿರೋದು ಚರ್ಚಲ್ದೆ ಇನ್ನೇನು?"

"ಇದರಲ್ಲಿ... ಪಾಂಟೆಲಿಸ್ ಅನ್ನೋರ ಮೇಕೆ ಕೊಟ್ಟಿಗೆ ಅಂತಿದೆ."

ಮುದುಕ ಹೆಬ್ಬೆರಳು ಕೆಳಗಿಳಿಸಿದ. ಗಾಳಿ ಮಾತ್ರ ಬೀಸುತ್ತಿತ್ತು.

"ಮೇಕೆ ಕೊಟ್ಟಿಗೆ..." ಮುದುಕ ನಿಧಾನವಾಗಿ ಹೇಳಿದ. "ಇಷ್ಟು ವರ್ಷ ಬಿಷಪ್ಪರನ್ನ ಕರ್ಕೊಂಡು ಬಂದು ಪಾಂಟೆಲಿಸನ ಮೇಕೆಗಳಿಗೆ ಧೂಪ ಹಾಕಿಸಿದ್ನಾ ನಾನು?"

ಪಾರ್ಥೆನಾಳಿಗೆ ತಡೆಯಲಾಗಲಿಲ್ಲ. ನಗು ಉಕ್ಕಿತು. ಗಂಡ ತೀರಿಕೊಂಡ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು! ನಗುತ್ತಾ ನಗುತ್ತಾ ಅಳುವೂ ಬಂತು. ಆ ಯುವಕ ಬೆಪ್ಪಾಗಿ ನಿಂತೇ ಇದ್ದ, ಕೈಯಲ್ಲಿ ಅವಳು ಕಿತ್ತೆಸೆದ ಗೂಟಗಳು.

ಅವನ ಹೆಸರು ಮಿನಾಸ್. ದಕ್ಷಿಣದ ಯಾವುದೋ ದ್ವೀಪದವನು, ಫಲಕ ಹಾಸುವ ತಂಡದ ಜೊತೆ ಬಂದಿದ್ದ.

ಮರುದಿನ ಹಬ್ಬಕ್ಕೆ ಜನ ಬಂದಾಗ ನಲವತ್ತು ಹೆಜ್ಜೆ ಪೂರ್ವಕ್ಕೆ ಬಿಳಿ ಸುಣ್ಣದ ಗೆರೆಯಲ್ಲಿ ಚರ್ಚಿನ ಪಾಯ ಬರೆದಿತ್ತು. ಬಾಗಿಲು, ಕಂಬ, ಪೀಠ, ಎಲ್ಲ. ಮುದುಕಿಯರು ಬಾಗಿಲು ಬರೆದ ಕಡೆಯಿಂದಲೇ ಒಳಗೆ ಹೋದರು. ಗೆರೆ ದಾಟಿ ಅಡ್ಡ ಬಂದವರನ್ನು ಬೈದರು!

* * *

ಆ ಚಳಿಗಾಲ ಮಿನಾಸ್ ಅವರ ಮನೆಗೆ ಬರತೊಡಗಿದ. ಮೊದಮೊದಲು ಮುದುಕನಿಗೆ ನಕ್ಷೆ ತೋರಿಸುವ ನೆಪ. ಆಮೇಲೆ ನೆಪ ಬೇಕಾಗಲಿಲ್ಲ.

"ಬಾರಪ್ಪಾ ಬಿಸಿಲು ಮಾರೋನೇ," ಎನ್ನುತ್ತಿದ್ದ ಇಯೋರ್ಡಾನಿಸ್. "ಹೊರಗೆ ಹಿಮ ಬೀಳ್ತಿದೆ. ಇವತ್ತು ಏನ್ ಮಾರ್ತೀಯಾ?"

"ಇವತ್ತು ಅಂಗಡಿ ಬಾಗಿಲು ಹಾಕಿದೆ ತಾತಾ. ಚಿಪುರೊ ಇದ್ರೆ ಹಾಕಿ ಒಂದು ಲೋಟ."

"ಮೀನು ತಿನ್ನೋ ದ್ವೀಪದೋರಿಗೆ ನಮ್ಮ ದ್ರಾಕ್ಷಿ ಸಾರಾಯಿ ಹೊಟ್ಟೇಲಿ ನಿಲ್ಲುತ್ತಾ?"

ಪಾರ್ಥೆನಾಳ ಮಗಳು ಅವನ ತೊಡೆ ಹತ್ತಿ ಕೂರುತ್ತಿದ್ದಳು. ಮೂರು ವರ್ಷ ತುಂಬುತ್ತಾ ಬಂದಿದ್ದರೂ ಆ ಮಗುವಿಗೆ ಹೆಸರಿರಲಿಲ್ಲ. ದೀಕ್ಷಾಸ್ನಾನ ಆಗದ ಮಗುವನ್ನು ಅಲ್ಲಿ ಎಲ್ಲರೂ 'ಬೇಬಾ' ಎಂದೇ ಕರೆಯುವುದು. ಮಗು ಹುಟ್ಟುವ ಎರಡು ತಿಂಗಳ ಮುಂಚೆ, ಮಂಜು ಕವಿದ ಒಂದು ಬೆಳಗ್ಗೆ, ಪಾಳಿಗೆ ಹೊರಟಿದ್ದ ಅವಳ ಗಂಡ ಲಾಜರೋಸ್ ರಸ್ತೆಯಲ್ಲೇ ಹೋಗಿಬಿಟ್ಟಿದ್ದ. ದೀಕ್ಷಾಸ್ನಾನದಲ್ಲಿ ಜ್ಞಾನತಂದೆಯಾಗಿ ಮಗುವಿಗೆ ಹೆಸರಿಡಬೇಕಿದ್ದ ಗೆಳೆಯ ಕೆಲಸ ಹುಡುಕಿಕೊಂಡು ಜರ್ಮನಿಗೆ ಹೋದವನು ಫೋನನ್ನೂ ಎತ್ತಲಿಲ್ಲ. ದಿನ ಮುಂದೆ ಹೋಯಿತು, ಹೋಗುತ್ತಲೇ ಇತ್ತು.

ಪಾರ್ಥೆನಾ ಕೆಲಸ ಮಾಡುತ್ತಿದ್ದುದು ಇದ್ದಲಿನ ಸ್ಥಾವರದ ನಿಯಂತ್ರಣ ಕೋಣೆಯಲ್ಲಿ. ಬಿಸಿಲಿದ್ದ ದಿನ ಸರಿಯಾಗಿ ಹನ್ನೊಂದಕ್ಕೆ ಅಥೆನ್ಸಿನ ವಿದ್ಯುತ್ ಹಂಚಿಕೆ ಕೇಂದ್ರದಿಂದ ಫೋನು ಬರುತ್ತಿತ್ತು. "ಬಿಸಿಲು ಏರಿದೆ. ನೀವು ಇಳಿಸಿ." ಅಷ್ಟೇ ಮಾತು. ಅವಳು ಗುಂಡಿ ತಿರುಗಿಸಿ ಉತ್ಪಾದನೆ ಇಳಿಸುತ್ತಿದ್ದಳು. ಸಂಜೆಯಾದರೆ ಮತ್ತೆ ಏರಿಸಬೇಕು. ತಿಂಗಳಿಂದ ತಿಂಗಳಿಗೆ ಇಳಿಸುವುದು ಹೆಚ್ಚಾಯಿತು, ಏರಿಸುವುದು ಕಮ್ಮಿಯಾಯಿತು. ಮೇ ತಿಂಗಳ ಕೊನೆಗೆ ಪೂರ್ತಿ ಬಂದ್ ಎಂದು ಆದೇಶ ಬಂತು. ಬೇರೆ ಕಡೆ ಕೆಲಸ ಸಿಗುವವರ ಪಟ್ಟಿ ಗೋಡೆಗೆ ಹಚ್ಚಿದರು. ಮೂರು ಸಲ ಓದಿದಳು. ಅವಳ ಹೆಸರಿರಲಿಲ್ಲ.

"ನಾನು ಒಂದು ಸಾಲು ಫಲಕ ಜೋಡಿಸಿದ್ರೆ ನೀನು ಒಂದು ಗೆರೆ ಇಳಿಸ್ಬೇಕು, ಅಲ್ವಾ?" ಒಂದು ದಿನ ಮಿನಾಸ್ ಕೇಳಿದ. 'ನೀವು' ಹೋಗಿ ಯಾವಾಗ 'ನೀನು' ಬಂದಿತ್ತೋ ಇಬ್ಬರಿಗೂ ಗೊತ್ತಿರಲಿಲ್ಲ.

"ಹೌದು. ನಿಧಾನಕ್ಕೆ ಜೋಡಿಸು ಮಾರಾಯಾ, ನನ್ನ ಅನ್ನ ಅದು," ಎಂದಳು ನಗುತ್ತಾ.

ಅವನು ನಗಲಿಲ್ಲ. "ಬೇಡ ಅಂದ್ರೂ ನಿಲ್ಲಲ್ಲ ಇದು. ನಾನು ಬಿಟ್ರೆ ನಾಳೆ ಇನ್ನೊಬ್ಬ ಬರ್ತಾನೆ. ಚರ್ಚಿನ ಜಾಗದ ಮೇಲೆ ಬರ್ತಿದ್ದ ಸಾಲನ್ನ ಹೇಗೋ ಪಕ್ಕಕ್ಕೆ ಸರಿಸ್ದೆ. ನನ್ನ ಕೈಲಿ ಆಗೋದು ಅಷ್ಟೇ ಪಾರ್ಥೆನಾ..."

ಅವನು ತಲೆ ತಗ್ಗಿಸಿ ಕೂತ ರೀತಿ ನೋಡಿ ಅವಳ ಎದೆಯೊಳಗೆ ಏನೋ ಕರಗಿತು. ಅಯ್ಯೋ... ಇದೇನಾಗ್ತಿದೆ ನನಗೆ!

ಸತ್ತ ಗಂಡನ ಮನೆ. ಗೋಡೆಯ ಮೇಲೆ ಅವನ ಪಟ. ಮಗನನ್ನು ಕಳೆದುಕೊಂಡ ಮಾವ. ಈ ಮನೆಯಲ್ಲಿ ಕೂತು ಇನ್ನೊಬ್ಬನಿಗಾಗಿ ಬಾಗಿಲ ಕಡೆ ಕಿವಿಕೊಡುವುದೇ? ಅದೂ ಕೆಲಸ ಮುಗಿದ ಮರುದಿನ ಹೊರಟುಹೋಗುವವನಿಗಾಗಿ! 'ಸುಮ್ನಿರು,' ಎಂದು ತನಗೆ ತಾನೇ ಹೇಳಿಕೊಂಡಳು. 'ಅವನು ಬಾಯಿ ಬಿಟ್ಟು ಏನಾದ್ರೂ ಹೇಳಿದ್ದಾನಾ? ಇಲ್ಲ ತಾನೆ? ಸುಮ್ನಿರು.'

ಮನಸ್ಸು ಸುಮ್ಮನಿರಲಿಲ್ಲ.

* * *

ಈಸ್ಟರ್ ಹಬ್ಬ ಬಂತು. ಅಂಗಳದಲ್ಲಿ ಕುರಿಮರಿ ಕೆಂಡದ ಮೇಲೆ ತಿರುಗುತ್ತಿತ್ತು. ಅಕ್ಕಪಕ್ಕದವರೆಲ್ಲ ಒಂದೇ ಮೇಜಿಗೆ ಸೇರಿದ್ದರು. "ಕ್ರಿಸ್ತ ಎದ್ದ!" "ನಿಜವಾಗಿ ಎದ್ದ!" ಎಂದು ಕೆಂಪು ಮೊಟ್ಟೆಗಳನ್ನು ಒಂದಕ್ಕೊಂದು ತಾಗಿಸಿ ಒಡೆಯುತ್ತಿದ್ದರು. ಮಿನಾಸನ ಮೊಟ್ಟೆ ಒಡೆಯಲೇ ಇಲ್ಲ.

"ಕಲ್ಲು ಮೊಟ್ಟೆ ತಂದಿದ್ದಾನೆ ಕಳ್ಳ! ಜೇಬು ನೋಡ್ರೋ ಇವನದ್ದು!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಆಗ ಇಯೋರ್ಡಾನಿಸ್ ಲೋಟ ಹಿಡಿದು ಎದ್ದುನಿಂತ.

"ಎಲ್ರೂ ಕೇಳಿ. ನನ್ನ ಮೊಮ್ಮಗಳಿಗೆ ಮೂರು ವರ್ಷ ಆಗ್ತಾ ಬಂತು, ಹೆಸರಿಲ್ಲ. ನಮ್ಮ ಚರ್ಚನ್ನ ಹುಡುಕಿಕೊಟ್ಟವನು ಇವನು. ಮಿನಾಸ್, ಎಲ್ಲರ ಮುಂದೆ ಕೇಳ್ತಿದ್ದೀನಿ. ಈ ಮಗುಗೆ ಜ್ಞಾನತಂದೆ ಆಗಪ್ಪಾ."

ಚಪ್ಪಾಳೆ ಬಿತ್ತು. ಪಾರ್ಥೆನಾಳ ಎದೆ ಹಕ್ಕಿಯಂತೆ ಹಾರಿತು. ಜ್ಞಾನತಂದೆ ಎಂದರೆ ಮನೆಯವನು, ರಕ್ತ ಹಂಚಿಕೊಂಡವರಿಗಿಂತ ಹತ್ತಿರದವನು! ಎಲ್ಲಿದ್ದರೂ ಪ್ರತಿ ಈಸ್ಟರಿಗೆ ಮಗುವಿಗೆ ಮೇಣದ ಬತ್ತಿ, ಹೊಸ ಚಪ್ಪಲಿ ತರಬೇಕು. ಅಂದರೆ ಇವನು ಹೋದರೂ ಪೂರ್ತಿ ಹೋಗುವುದಿಲ್ಲ... ವರ್ಷಕ್ಕೊಮ್ಮೆಯಾದರೂ ಈ ಗೇಟು ತೆರೆಯುತ್ತದೆ... ಅಷ್ಟು ಸಾಕು ನನಗೆ. ಅಷ್ಟೇ ಸಾಕು!

ಆದರೆ ಮಿನಾಸನ ಮುಖ ಬಿಳಿಚಿಕೊಂಡಿತ್ತು.

"ಒಪ್ಕೋ ಮಿನಾಸ್," ಎಂದಳು ಅವಳು. ತನ್ನ ಬಾಯಿಂದಲೇ! "ನಂದೂ ಅದೇ ಆಸೆ."

ಅವನು ಅವಳನ್ನು ನೋಡಿದ. ಆ ನೋಟ! ಏಟು ತಿಂದವನ ನೋಟ. ಆಮೇಲೆ ಮುದುಕನನ್ನು ನೋಡಿದ.

"ಆಗಲ್ಲ ತಾತಾ. ಕ್ಷಮಿಸಿ. ನನ್ನಿಂದ ಆಗಲ್ಲ."

ಜ್ಞಾನತಂದೆಯಾಗು ಎಂದು ಕರೆದರೆ ಆ ನಾಡಿನಲ್ಲಿ ಯಾರೂ ಒಲ್ಲೆ ಎನ್ನುವುದಿಲ್ಲ. ವೈರಿ ಕರೆದರೂ ಹೋಗುತ್ತಾರೆ. ಒಲ್ಲೆ ಎಂದರೆ ದೇವರನ್ನೇ ಹೊಸಿಲಿನಿಂದ ಅಟ್ಟಿದ ಹಾಗೆ! ಒಬ್ಬ ಮುದುಕಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಇನ್ನೊಬ್ಬಳು, "ತಂದೆಯಿಲ್ಲದ ಕೂಸಿಗೆ ಹೀಗಾ..." ಎಂದು ಪಿಸುಗುಟ್ಟಿದಳು.

ಮಿನಾಸ್ ಎದ್ದು ನಡೆದುಬಿಟ್ಟ. ತಿರುಗಿ ನೋಡಲಿಲ್ಲ.

ಮಗು ಮಾತ್ರ ಕೆಂಪು ಸಿಪ್ಪೆಗಳ ನಡುವೆ ಕೂತು ಅವನ ಹೆಸರು ಕರೆಯುತ್ತಲೇ ಇತ್ತು.

ಪಾರ್ಥೆನಾಳಿಗೆ ಅಳುವೂ ಬರಲಿಲ್ಲ. 'ನನ್ನ ಮಗು ಬೇಡವಾಯ್ತು ಅವನಿಗೆ. ನಂಟು ಬೇಡ, ವರ್ಷಕ್ಕೊಂದು ಮೇಣದ ಬತ್ತಿಯ ಭಾರವೂ ಬೇಡ! ಫಲಕ ಜೋಡಿಸಿ ಹೋಗೋನಿಗೆ ನಾವೂ ಮೇಕೆ ಕೊಟ್ಟಿಗೆ ಅಷ್ಟೇ.' ಆ ವಾರ ಅವನ ಏಳು ಕರೆ ಬಂದವು. ಏಳನ್ನೂ ಎತ್ತಲಿಲ್ಲ. ಎಂಟನೆಯದು ಬರಲಿಲ್ಲ.

ಬರಲಿಲ್ಲವಲ್ಲ ಎಂದು ಫೋನು ನೋಡುತ್ತಾ ಕೂತಳು... ಎಂಥ ಹುಚ್ಚು!

* * *

ಮೇ ತಿಂಗಳ ಕೊನೆಯ ಆ ದಿನ ಪಾಳಿ ಪಾರ್ಥೆನಾಳದೇ ಆಗಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಹನ್ನೊಂದಕ್ಕೆ ಫೋನು ಬಂತು. ಎಂದಿನ ಹೆಣ್ಣು ಧ್ವನಿ. ಇವತ್ತು ಸ್ವಲ್ಪ ತಡವರಿಸಿತು.

"ಬಿಸಿಲು ಏರಿದೆ... ಇಳಿಸಿ. ಈ ಸಲ ಪೂರ್ತಿ."

"ಪೂರ್ತಿ," ಎಂದಳು ಪಾರ್ಥೆನಾ.

"ಥ್ಯಾಂಕ್ಸ್ ಕಣಮ್ಮಾ. ಇಷ್ಟು ವರ್ಷ ಮಾತಾಡಿದ್ವಿ, ನಿಮ್ಮ ಹೆಸರೇ ಕೇಳಿಲ್ಲ ನಾನು."

ಅವಳು ಹೆಸರು ಹೇಳದೆಯೇ ಫೋನಿಟ್ಟಳು.

ಹಿಂದೆ ನಿವೃತ್ತ ಕೆಲಸಗಾರರು ಟೋಪಿ ತೆಗೆದು ನಿಂತಿದ್ದರು. ಅವಳು ತಿರುಗಿಸಿದಂತೆ ಮುಳ್ಳು ಕೆಳಗೆ ಬಂತು, ಬಂತು, ಸೊನ್ನೆಯಲ್ಲಿ ನಿಂತಿತು. ನೆಲದೊಳಗಿಂದ ಸದಾ ಬರುತ್ತಿದ್ದ ಗುಂಯ್ ಎನ್ನುವ ಸದ್ದು ನಿಂತುಹೋಯಿತು. ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದದು. ಅದು ಸದ್ದು ಎಂದು ಗೊತ್ತಾದದ್ದು ನಿಂತ ಮೇಲೆಯೇ. ಯಾರೂ ಏನೂ ಮಾಡುವಂತಿರಲಿಲ್ಲ. ಮಾಡಬೇಕಿದ್ದುದನ್ನು ಅವಳ ಕೈಯೇ ಮಾಡಿ ಮುಗಿಸಿತ್ತು.

ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಕೂತಿದ್ದ. ಹೊಗೆಯಿಲ್ಲದ ಗೋಪುರಗಳನ್ನೇ ನೋಡುತ್ತಿದ್ದ.

"ಆರಿಸಿ ಬಂದ್ಯಾ?"

"ಬಂದೆ ಮಾವಾ."

"ಕೂತ್ಕೋ. ನಿನ್ನ ಹತ್ರ ಒಂದು ಮಾತು ಹೇಳ್ಬೇಕು. ಹೇಳ್ದೆ ಇದ್ರೆ ನಾಳೆ ನನ್ನ ಮಗನ ಪಟದ ಮುಂದೆ ದೀಪ ಹಚ್ಚೋಕೆ ಆಗಲ್ಲ ನನಗೆ."

ಅವಳು ಮೆಟ್ಟಿಲ ಮೇಲೆ ಕೂತಳು.

"ಮಿನಾಸ್ ಈಸ್ಟರಿಗೆ ಮುಂಚೆ ಪಾದ್ರಿ ಹತ್ರ ಹೋಗಿದ್ದ. ವಿಧವೆಯನ್ನ ಮದುವೆ ಆಗ್ಬೇಕಂದ್ರೆ ಏನೇನು ಕಾಗದ ಬೇಕು ಅಂತ ಕೇಳಿದ್ನಂತೆ. ಆ ಪಾದ್ರಿ ಬಾಯಲ್ಲಿ ಎಳ್ಳು ನೆನೆಯುತ್ತಾ? ಎರಡು ಲೋಟ ಚಿಪುರೊ ಇಳಿದ ಮೇಲೆ ನನಗೆ ಹೇಳ್ಬಿಟ್ಟ."

ಪಾರ್ಥೆನಾಳಿಗೆ ಕೇಳಿದ್ದು ಅರ್ಥವಾಗಲಿಲ್ಲ. ಕ್ಷಣ ಬಿಟ್ಟು ಅರ್ಥವಾಯಿತು.

"ಆದ್ರೆ... ಆದ್ರೆ ಜ್ಞಾನತಂದೆ ಆಗು ಅಂತ ನೀವೇ..."

"ಬೇಕಂತಲೇ ಕೇಳ್ದೆ." ಮುದುಕನ ಧ್ವನಿ ಒಡೆಯಿತು. "ಮಗುಗೆ ಜ್ಞಾನತಂದೆ ಆದವನು ಆ ಮಗುವಿನ ತಾಯಿನ ಮದುವೆ ಆಗೋ ಹಾಗಿಲ್ಲ ಮಗಾ. ಚರ್ಚಿನ ಹಳೇ ಕಟ್ಟಳೆ. ನಿಮ್ಮ ಕಾಲದೋರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಎಲ್ಲರ ಮುಂದೆ ಕೇಳಿದ್ರೆ ಯಾರೂ ಒಲ್ಲೆ ಅನ್ನಲ್ಲ. ಒಪ್ಕೊಂಡ್ರೆ ಅವನು ಮನೆಗೆ ನೆಂಟ ಆಗ್ತಾನೆ, ನಿನಗೆ ಗಂಡ ಆಗಲ್ಲ. ನೀನೂ ಮಗೂನೂ ಇಲ್ಲೇ ಉಳೀತೀರಾ... ಹಾಗಂತ ಲೆಕ್ಕ ಹಾಕ್ದೆ."

ಪಾರ್ಥೆನಾ ಎದ್ದು ನಿಂತಳು. ಒಪ್ಕೋ ಎಂದದ್ದು ನಾನು! ನನ್ನ ಬಾಯಿಂದಲೇ ಅವನ ಬಾಗಿಲು ಹಾಕಿದೆನಲ್ಲ!

"ಆಮೇಲೆ ಎರಡು ಸಲ ಗೇಟಿನ ತನಕ ಬಂದಿದ್ದ. ನೀನು ಮಲಗಿದ್ದೀಯಾ ಅಂತ ವಾಪಸ್ ಕಳಿಸ್ದೆ."

"ಯಾಕೆ ಮಾವಾ? ಯಾಕೆ ಹಾಗೆ ಮಾಡಿದ್ರಿ?"

"ಯಾಕೆ ಅಂದ್ರೆ... ಊರು ಹೋಯ್ತು, ನಾನೇ ಅಗೆದೆ. ಮಗ ಹೋದ. ಈಗ ಇದೂ ಹೋಯ್ತು." ಗೋಪುರಗಳ ಕಡೆ ಕೈ ತೋರಿಸಿದ. "ಯಾವುದನ್ನೂ ನನ್ನ ಕೈಲಿ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ನಿಮ್ಮಿಬ್ರನ್ನಾದ್ರೂ ಉಳಿಸ್ಕೊಳ್ಳೋಣ ಅಂತ ಬೇಲಿ ಹಾಕೋಕೆ ಹೋದೆ ಕಣೇ..."

ಆ ದೊಡ್ಡ ಕೈಗಳು ಮುಖ ಮುಚ್ಚಿಕೊಂಡವು. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಆ ಬೋಳು ತಲೆಯನ್ನು ನೋಡಿ ಎಲ್ಲಿಗೆ ಎಸೆಯುವುದು ಅದನ್ನು? ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದಳು.

"ಸೊಸೆ ಅಂದ್ರೆ ಮಗನ ಹೆಂಡತಿ," ಎಂದ ಮುದುಕ, ಮುಖ ಒರೆಸಿಕೊಂಡು. "ಮಗ ಇಲ್ಲ. ಇನ್ನು ಮೇಲೆ ನೀನು ಮಗಳು. ಮಗಳು ಯಾರ ಮನೆ ಸೇರಿದ್ರೂ ಮಗಳೇ. ಅವನ ತಂಡ ಇವತ್ತು ಗಾಡಿಗೆ ಸಾಮಾನು ತುಂಬ್ತಿದೆ. ಏಳು, ನಾನು ಕಾರು ತೆಗೀತೀನಿ."

* * *

ಬಯಲಿನ ತುಂಬ ಫಲಕಗಳು ಬಿಸಿಲಿಗೆ ಮುಖವೊಡ್ಡಿ ಮಲಗಿದ್ದವು. ಅಷ್ಟು ದೊಡ್ಡ ಕೆಲಸ, ಒಂದು ಚೂರು ಸದ್ದಿಲ್ಲ.

ಮಿನಾಸ್ ಲಾರಿಯ ಹಿಂದೆ ಹಗ್ಗ ಬಿಗಿಯುತ್ತಿದ್ದ. ಅವಳನ್ನು ಕಂಡು ಹಗ್ಗ ಕೈಜಾರಿತು.

"ಒಲ್ಲೆ ಅಂದ್ಯಲ್ಲಾ," ಎಂದಳು ಅವಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿದ್ದವು. "ಯಾಕೆ ಅಂತ ಹೇಳೋಕೆ ಏನಾಗಿತ್ತು ನಿನಗೆ?"

"ಎಲ್ಲಿ ಹೇಳ್ಲಿ? ಗಂಡನ ಪಟದ ಕೆಳಗೆ, ಅವನ ಅಪ್ಪ ಕೊಟ್ಟ ಊಟದ ಮುಂದೆ ಕೂತು, ನಿಮ್ಮ ಸೊಸೆ ಮೇಲೆ ಮನಸ್ಸಿದೆ ಅಂತ ಹೇಳ್ಲಾ? ಮೊದಲು ನಿನಗೇ ಹೇಳಿರ್ಲಿಲ್ಲ ನಾನು! ಜ್ಞಾನತಂದೆ ಆದ್ರೆ ಮದುವೆ ಇಲ್ಲ ಅಂತ ಪಾದ್ರಿ ಆಗ್ಲೇ ಹೇಳಿದ್ರು. ಅಷ್ಟರಲ್ಲಿ ನೀನೇ ಒಪ್ಕೋ ಅಂದೆ... ನಂದೂ ಅದೇ ಆಸೆ ಅಂದೆ. ಮುಗೀತು ಅನ್ಕೊಂಡೆ."

"ನಂಗೆ ಆ ಕಟ್ಟಳೆ ಗೊತ್ತಿರ್ಲಿಲ್ಲ ಕಣೋ ದಡ್ಡಾ!" ಅವಳು ಅಳುತ್ತಲೇ ಕೂಗಿದಳು. "ವರ್ಷಕ್ಕೊಂದು ಸಲ ನಿನ್ನ ಮುಖ ನೋಡೋಕೆ ಸಿಗುತ್ತೆ ಅಂತ ಒಪ್ಕೋ ಅಂದಿದ್ದು!"

"ವರ್ಷಕ್ಕೊಂದು ಸಲ... ಅಷ್ಟೇ ಸಾಕಾಗಿತ್ತಾ ನಿನಗೆ?"

"ಅದಕ್ಕಿಂತ ಹೆಚ್ಚು ಕೇಳೋ ಧೈರ್ಯ ಇರ್ಲಿಲ್ಲ."

ಅವನು ಎರಡು ಹೆಜ್ಜೆ ಹತ್ತಿರ ಬಂದ. ಕೈಯಲ್ಲಿ ಹಗ್ಗದ ಗೀರುಗಳಿದ್ದವು.

"ಕೇಳು ಪಾರ್ಥೆನಾ. ನಾಳೆ ಥ್ರೇಸ್ ಕಡೆ ಹೋಗ್ಬೇಕು, ಆರು ತಿಂಗಳ ಕೆಲಸ. ಅದಾದ್ಮೇಲೆ ಎಲ್ಲಿಗೋ ನನಗೇ ಗೊತ್ತಿಲ್ಲ. ಮನೆ ಇಲ್ಲ, ನಿಂತ ನೆಲ ಇಲ್ಲ. ಆದ್ರೂ ಪ್ರತಿ ಶನಿವಾರ ಬರ್ತೀನಿ. ನಿನ್ನನ್ನ ಪ್ರೀತಿಸ್ತೀನಿ. ಕೊಡೋಕೆ ನನ್ನ ಹತ್ರ ಇರೋದು ಇಷ್ಟೇ."

"ನನ್ನ ಹತ್ರ ಅಷ್ಟೂ ಇಲ್ಲ. ಇವತ್ತು ಬೆಳಗ್ಗೆ ನನ್ನ ಕೆಲಸಾನ ನಾನೇ ಆರಿಸಿ ಬಂದೆ. ಇರೋದು ಒಂದು ಮಗು, ಒಬ್ಬ ಮುದುಕ. ಇಬ್ರನ್ನೂ ಬಿಡೋಕಾಗಲ್ಲ."

"ಬಿಡು ಅಂದ್ನಾ ನಾನು?"

"ಆ ಮುದುಕ ಕಾರಲ್ಲೇ ಕೂತಿದ್ದಾರೆ. ನಿನ್ನ ಮುಖ ನೋಡೋಕೆ ನಾಚಿಕೆ ಅಂತೆ."

ಮಿನಾಸ್ ಕಾರಿನ ಕಡೆ ನೋಡಿದ. ಇಯೋರ್ಡಾನಿಸ್ ಮುಖ ಆ ಕಡೆಗೆ ತಿರುಗಿಸಿಕೊಂಡ. ಆದರೆ ಹಿಂದಿನ ಸೀಟಿನಲ್ಲಿ ಎರಡು ಪುಟ್ಟ ಕೈಗಳು ಗಾಜಿಗೆ ಅಂಟಿಕೊಂಡಿದ್ದವು.

"ಅವರ ಮೇಲೆ ಸಿಟ್ಟಿಲ್ಲ ನನಗೆ," ಎಂದ ಮಿನಾಸ್ ಮೆಲ್ಲಗೆ. "ಅವರ ಜಾಗದಲ್ಲಿ ನಾನಿದ್ರೂ ಇದೇ ಮಾಡ್ತಿದ್ನೇನೋ." ಅವಳ ಕಡೆ ತಿರುಗಿ ಕೇಳಿದ, "ಹೆದರಿಕೆ ಆಗ್ತಿದೆಯಾ?"

"ತುಂಬಾ."

"ನನಗೂ."

ಪಾರ್ಥೆನಾ ಕಣ್ಣು ಮುಚ್ಚಿಕೊಂಡಳು.

"ಕೈ ಬಿಡಬೇಡ," ಎಂದಳು ಪಾರ್ಥೆನಾ, ಕಣ್ಣು ಮುಚ್ಚಿಕೊಂಡೇ.

"ನಾನೆಲ್ಲಿ ಹಿಡ್ದಿದ್ದೀನಿ?" ಅವನ ಧ್ವನಿಯಲ್ಲಿ ನಗುವೂ ಇತ್ತು, ಅಳುವೂ ಇತ್ತು. "ಹಿಡ್ಕೊಂಡಿರೋದು ನೀನು!"

ಅವಳು ಕಣ್ಣು ತೆರೆದು ನೋಡಿದಳು. ನಿಜ... ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಬಿಗಿಹಿಡಿದು ನಿಂತಿದ್ದವಳು ಅವಳೇ. ಯಾವಾಗ ಹಿಡಿದಳೋ ಅವಳಿಗೇ ಗೊತ್ತಿರಲಿಲ್ಲ.

"ಹಾಗಾದ್ರೆ ಬಿಡಿಸ್ಕೋಬೇಡ," ಎಂದಳು.

"ಬಿಡಿಸ್ಕೊಳ್ಳಲ್ಲ."